ಬಯಲಿನಲ್ಲಿ ವಿಂಡ್‌ಶೀಲ್ಡ್ ರಿಪೇರಿ: ರೆಸಿನ್ ಅವಧಿಗೆ ಮುನ್ನ ಹೆಪ್ಪುಗಟ್ಟದಂತೆ ಬಿಸಿಲನ್ನು ತಡೆಯುವ ಕ್ರಮ

ಹೆದ್ದಾರಿಯಲ್ಲಿ ಮುಂದೆ ಹೋಗುವ ಟಿಪ್ಪರ್‌ನಿಂದ ಸಿಡಿದ ಒಂದು ಜಲ್ಲಿಕಲ್ಲು ಸಾಕು, ಕಾರಿನ ಮುಂಗಾಜಿನಲ್ಲಿ ಕಾಸಿನಗಲದ ಗುಳಿ ಬೀಳಲು. ಅದನ್ನು ತುಂಬುವ ರೆಸಿನ್ ಎಂಬ ಅಂಟುದ್ರವದ ಕಿಟ್ ಈಗ ಸುಲಭವಾಗಿ ಸಿಗುತ್ತದೆ, ಮತ್ತು ನೇರ ಬಿಸಿಲಿನಲ್ಲಿ ಕೆಲಸ ಮಾಡಬಾರದು ಎಂಬ ಸೂಚನೆ ಅದರ ಚೀಟಿಯಲ್ಲಿ ಒಂದು ಸಾಲಿನಲ್ಲಿ ಬಂದುಹೋಗುತ್ತದೆ. ಆದರೆ ನೆರಳೆಂದರೆ ಎಂಥ ನೆರಳು, ಅದನ್ನು ಯಾವಾಗ ಕಟ್ಟಬೇಕು, ಯಾವ ಗಳಿಗೆಯಲ್ಲಿ ತೆಗೆಯಬೇಕು ಎಂಬುದನ್ನು ಆ ಚೀಟಿ ವಿವರಿಸುವುದಿಲ್ಲ. ಹೀಗಾಗಿ ಮನೆಯ ಮುಂದೆ ರಿಪೇರಿಗೆ ಕೈಹಾಕಿದ ಅನೇಕರು ಒಂದೇ ಕಡೆ ಎಡವುತ್ತಾರೆ: ರೆಸಿನ್ ಬಿರುಕಿನ ತುದಿ ಮುಟ್ಟುವ ಮೊದಲೇ ಗಟ್ಟಿಯಾಗುತ್ತದೆ, ಗುಳಿಯ ನಡುಭಾಗ ಮಾತ್ರ ತುಂಬುತ್ತದೆ, ಸುತ್ತಲಿನ ಬಿರುಕಿನ ಎಳೆಗಳು ಹಾಗೆಯೇ ಉಳಿಯುತ್ತವೆ.

ಒಮ್ಮೆ ಗಟ್ಟಿಯಾದ ರೆಸಿನ್ ಕರಗುವುದಿಲ್ಲ, ಹೊರಗೆ ತೆಗೆಯಲೂ ಬರುವುದಿಲ್ಲ. ಆ ಬಿರುಕಿಗೆ ಎರಡನೆಯ ಅವಕಾಶ ಬಹುಮಟ್ಟಿಗೆ ಇರುವುದಿಲ್ಲವಾದ್ದರಿಂದ, ಕೆಳಗಿನ ಹಂತಗಳಲ್ಲಿ ರೆಸಿನ್ ಬಾಟಲಿಯ ಮುಚ್ಚಳ ತೆರೆಯುವುದಕ್ಕಿಂತ ಮೊದಲಿನ ಕೆಲಸಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಹಂತಗಳ ಕ್ರಮವನ್ನು ಬದಲಿಸಬೇಡಿ.

ಮೊದಲು ತಿಳಿದಿರಬೇಕಾದದ್ದು: ಬಿಸಿಲಿನಿಂದ ಎರಡು ಬೇರೆ ಬೇರೆ ಕೇಡುಗಳು

ಮೊದಲನೆಯದು ನೇರಳಾತೀತ ಕಿರಣ, ಅಂದರೆ ಯುವಿ. ರಿಪೇರಿಯ ರೆಸಿನ್ ಗಟ್ಟಿಯಾಗುವುದು ಒಣಗುವುದರಿಂದಲ್ಲ. ಸುಮಾರು 365 ನ್ಯಾನೊಮೀಟರ್ ಆಸುಪಾಸಿನ ಯುವಿ ಬಿದ್ದಾಗ ಅದರೊಳಗಿನ ರಾಸಾಯನಿಕ ಕ್ರಿಯೆ ಆರಂಭವಾಗಿ ದ್ರವವು ಪ್ಲಾಸ್ಟಿಕ್‌ನಂತೆ ಬಿಗಿಯಾಗುತ್ತದೆ. ಸೂರ್ಯನ ಬೆಳಕಿನಲ್ಲಿ ಈ ಕಿರಣ ಧಾರಾಳವಾಗಿದೆ. ಮೋಡ ಕವಿದ ದಿನವೂ ಅದರ ಒಳ್ಳೆಯ ಪಾಲು ನೆಲ ತಲುಪುತ್ತದೆ. ಆಕಾಶ ನೀಲಿಯಾಗಿ ಕಾಣಲು ಯಾವುದು ಕಾರಣವೋ ಅದೇ ಕಾರಣದಿಂದ, ಅಂದರೆ ಕಿರುತರಂಗದ ಬೆಳಕು ಹೆಚ್ಚು ಚದುರುವುದರಿಂದ, ಸೂರ್ಯ ನೇರವಾಗಿ ಕಾಣದ ನೆರಳಿನಲ್ಲೂ ಬರಿಯ ಆಕಾಶದ ಕಡೆಯಿಂದ ಯುವಿ ಬರುತ್ತಲೇ ಇರುತ್ತದೆ. ಕಣ್ಣಿಗೆ ತಂಪೆನಿಸುವ ನೆರಳು ರೆಸಿನ್ನಿಗೆ ನೆರಳಾಗಿರಬೇಕೆಂದಿಲ್ಲ.

ಎರಡನೆಯದು ಶಾಖ. ಕಾದ ಗಾಜಿನ ಮೇಲೆ ರೆಸಿನ್ ತೀರಾ ತೆಳುವಾಗಿ ಹಿಡಿತಕ್ಕೆ ಸಿಗದೆ ಹರಿಯುತ್ತದೆ; ಯುವಿ ತಗುಲಿದರಂತೂ ಇನ್ನಷ್ಟು ಬೇಗ ಬಿಗಿಯುತ್ತದೆ. ಗಾಜಿನ ಒಂದು ಭಾಗ ಕಾದು ಇನ್ನೊಂದು ಭಾಗ ತಣ್ಣಗಿದ್ದರೆ ಒಳಗೆ ಎಳೆತ ಹುಟ್ಟಿ, ಸಿರಿಂಜ್ ಒತ್ತಿದ ಕೂಡಲೇ ಬಿರುಕು ಮುಂದಕ್ಕೆ ಓಡುವ ಅಪಾಯವಿದೆ.

ಈ ಎರಡಕ್ಕೂ ಉಪಾಯ ಒಂದೇ ಅಲ್ಲ. ಗುಳಿಯ ಮೇಲೆ ಮಾತ್ರ ಕಪ್ಪು ಪೆಟ್ಟಿಗೆ ಮುಚ್ಚಿದರೆ ಯುವಿ ನಿಲ್ಲುತ್ತದೆ, ಆದರೆ ಸುತ್ತಲಿನ ಗಾಜು ಕಾಯುತ್ತಲೇ ಇರುತ್ತದೆ. ದೊಡ್ಡ ಛತ್ರಿ ಮಾತ್ರ ಹಿಡಿದರೆ ಶಾಖ ತಗ್ಗುತ್ತದೆ, ಆದರೆ ಬದಿಗಳಿಂದ ಯುವಿ ನುಸುಳುತ್ತದೆ. ಆದ್ದರಿಂದ ಇಡೀ ಮುಂಗಾಜಿಗೆ ಒಂದು ಹೊರ ನೆರಳು, ಗುಳಿಗೆ ಮಾತ್ರ ಒಂದು ಒಳ ಮರೆ, ಹೀಗೆ ಎರಡು ಪದರ ಬೇಕು.

ಕಾರಿನ ಒಳಗೆ ಡ್ಯಾಶ್‌ಬೋರ್ಡ್ ಮೇಲೆ ನಿಲ್ಲಿಸುವ ಬೆಳ್ಳಿ ಬಣ್ಣದ ಸನ್‌ಶೇಡ್ ಈ ಕೆಲಸಕ್ಕೆ ಬಾರದು. ಮುಂಗಾಜು ಎರಡು ಗಾಜಿನ ಪದರಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಬೆಸೆದು ಮಾಡಿದ್ದು. ಕಲ್ಲೇಟಿನ ಗುಳಿ ಇರುವುದು ಹೊರಗಿನ ಪದರದಲ್ಲಿ. ಪಿವಿಬಿ ಯುವಿಯನ್ನು ಬಹುಪಾಲು ತಡೆಯುವುದರಿಂದ ಕಾರಿನೊಳಗಿನ ಕಡೆಯಿಂದ ರೆಸಿನ್ನಿಗೆ ಅಪಾಯವಿಲ್ಲ. ಅಪಾಯವೆಲ್ಲ ಹೊರಗಿನಿಂದ, ಆದ್ದರಿಂದ ಮರೆಯೂ ಹೊರಗೇ ಇರಬೇಕು. ಕೊನೆಯಲ್ಲಿ ಗಟ್ಟಿಗೊಳಿಸುವ ಯುವಿ ದೀಪವನ್ನು ಒಳಗಿನಿಂದ ಹಿಡಿದರೆ ಪ್ರಯೋಜನವಾಗದಿರುವುದೂ ಇದೇ ಕಾರಣಕ್ಕೆ.

ಹಂತ 1: ಗಾಜು ರಿಪೇರಿಗೆ ತಕ್ಕದ್ದೇ ಎಂದು ನೋಡಿಕೊಳ್ಳಿ

ಗುಳಿಯ ವ್ಯಾಸ 25 ಮಿಲಿಮೀಟರ್ ಒಳಗಿದ್ದು, ಬಿರುಕು ಹೊರ ಪದರದಲ್ಲಿ ಮಾತ್ರ ಇದ್ದರೆ ಮನೆಯ ಕಿಟ್ಟಿನಿಂದ ಯತ್ನಿಸಬಹುದು. ಕಾರಿನ ಒಳಗಿನಿಂದ ಗಾಜನ್ನು ಉಗುರಿನಿಂದ ಸವರಿದಾಗ ಗೀರು ತಗುಲಿದರೆ ಒಳ ಪದರವೂ ಒಡೆದಿದೆ ಎಂದರ್ಥ; ಅದಕ್ಕೆ ಗಾಜು ಬದಲಾವಣೆಯೇ ದಾರಿ. ಚಾಲಕನ ಕಣ್ಣಿನ ನೇರದಲ್ಲಿರುವ ಗುಳಿ, ಗಾಜಿನ ಅಂಚಿಗೆ ತಾಗಿದ ಬಿರುಕು, ಒಳಗನ್ನಡಿಯ ಹಿಂದಿನ ಕ್ಯಾಮೆರಾದ ಮುಂದಿರುವ ಏಟು, ಈ ಮೂರನ್ನು ಅನುಭವಿ ತಂತ್ರಜ್ಞರಿಗೇ ಬಿಡುವುದು ಒಳ್ಳೆಯದು. ಪಕ್ಕದ ಕಿಟಕಿಗಳು ಸಾಮಾನ್ಯವಾಗಿ ಟಫನ್ಡ್ ಗಾಜಿನವು. ಅವು ಒಡೆದರೆ ಪುಡಿಯಾಗುತ್ತವೆ, ರೆಸಿನ್ ತುಂಬುವ ಮಾತೇ ಬರುವುದಿಲ್ಲ.

ಕಲ್ಲು ಬಡಿದ ದಿನವೇ ಗುಳಿಯ ಮೇಲೆ ಪಾರದರ್ಶಕ ಸೆಲ್ಲೋಟೇಪ್ ಅಂಟಿಸಿಡಿ. ರಿಪೇರಿಗೆ ಮೊದಲು ಕಾರು ತೊಳೆಯಬೇಡಿ. ಶಾಂಪೂ ನೀರು ಬಿರುಕಿನೊಳಗೆ ಇಳಿದರೆ ರೆಸಿನ್ ಅಲ್ಲಿ ಹಿಡಿಯುವುದಿಲ್ಲ.

ಹಂತ 2: ಸಾಮಗ್ರಿಗಳನ್ನು ಒಂದೆಡೆ ಜೋಡಿಸಿ

ಕಿಟ್ಟಿನಲ್ಲಿ ರೆಸಿನ್, ಸಿರಿಂಜ್ ಅಥವಾ ಇಂಜೆಕ್ಟರ್, ಅದನ್ನು ಗಾಜಿಗೆ ಹಿಡಿದಿಡುವ ಅಂಟುಬಿಲ್ಲೆ ಇಲ್ಲವೇ ಸಕ್ಷನ್ ಕಪ್ ಇರುವ ಚೌಕಟ್ಟು, ಸಣ್ಣ ಪಾರದರ್ಶಕ ಹಾಳೆ ಮತ್ತು ಒಂದು ಬ್ಲೇಡ್ ಇರುತ್ತವೆ. ನೆರಳಿಗಾಗಿ ನೀವು ಬೇರೆಯಾಗಿ ಒದಗಿಸಿಕೊಳ್ಳಬೇಕಾದವು: ದಪ್ಪ ತಾಡಪಾಲು, ಹಗ್ಗ, ಎರಡು ಕಂಬ ಅಥವಾ ಒಂದು ಏಣಿ, ಶೂ ಬರುವಂಥ ರಟ್ಟಿನ ಪೆಟ್ಟಿಗೆ, ಕಪ್ಪು ಕಾಗದ, ಕಪ್ಪು ಇನ್ಸುಲೇಷನ್ ಟೇಪ್, ಮಾಸ್ಕಿಂಗ್ ಟೇಪ್, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಬಾನೆಟ್ ಮುಚ್ಚುವಷ್ಟು ದೊಡ್ಡದಾದ ಗಾಢ ಬಣ್ಣದ ಬಟ್ಟೆ. ಪರೀಕ್ಷೆಗಾಗಿ ಅಂಗೈಯಗಲದ ಒಂದು ಗಾಜಿನ ಚೂರು ಮತ್ತು ಗುಂಡುಸೂಜಿ ಬೇಕು. ಶುಚಿಗೊಳಿಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಇರಲಿ. ಕೈಗೆ ನೈಟ್ರೈಲ್ ಗ್ಲೌಸ್ ತೊಡಿ. ಈ ಬಗೆಯ ರೆಸಿನ್ ಪದೇ ಪದೇ ಚರ್ಮಕ್ಕೆ ತಗುಲಿದರೆ ಅಲರ್ಜಿ ಹುಟ್ಟಿಸಬಲ್ಲದು.

ರೆಸಿನ್ ಬಾಟಲಿಗಳು ಕಪ್ಪು ಅಥವಾ ಕಂದು ಬಣ್ಣದಲ್ಲಿರುತ್ತವೆ, ಆದರೆ ಸಿರಿಂಜ್ ಹೆಚ್ಚಾಗಿ ಪಾರದರ್ಶಕವಾಗಿರುತ್ತದೆ. ಅದರ ಕೊಳವೆಗೆ ಮೊದಲೇ ಕಪ್ಪು ಟೇಪ್ ಸುತ್ತಿ, ರೆಸಿನ್ನಿನ ಮಟ್ಟ ನೋಡಲು ಕಡ್ಡಿಯಷ್ಟು ಅಗಲದ ಒಂದು ಸೀಳು ಮಾತ್ರ ಬಿಡಿ. ಬಾಟಲಿಯನ್ನು ಫಾಯಿಲ್‌ನಲ್ಲಿ ಸುತ್ತಿ, ಮನೆಯೊಳಗೆ ತಂಪಾದ ಕಡೆ ಇಟ್ಟುಕೊಂಡು, ಬೇಕಾದಾಗ ಮಾತ್ರ ಹೊರಗೆ ತನ್ನಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಅಥವಾ ಬಾನೆಟ್ ಮೇಲೆ ಎಷ್ಟೇ ಸ್ವಲ್ಪ ಹೊತ್ತಾದರೂ ಇಡಬೇಡಿ.

ಹಂತ 3: ಜಾಗ ಮತ್ತು ಹೊತ್ತು ಆರಿಸಿ

ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್ ನಿಮ್ಮದಾಗಿದ್ದರೆ ಅರ್ಧ ಸಮಸ್ಯೆ ಅಲ್ಲಿಗೇ ತೀರಿತು. ಅಲ್ಲಿ ರೆಸಿನ್ ತುಂಬಿಸಿ, ಕೊನೆಗೆ ಯುವಿ ದೀಪದಿಂದ ಗಟ್ಟಿಗೊಳಿಸಬಹುದು. ದೀಪವಿಲ್ಲದಿದ್ದರೆ ತುಂಬಿಸುವ ಕೆಲಸವೆಲ್ಲ ಮುಗಿದು, ಗುಳಿಗೆ ಹಾಳೆ ಮುಚ್ಚಿ, ಅದರ ಮೇಲೆ ಫಾಯಿಲ್ ಅಂಟಿಸಿದ ನಂತರ ಕಾರನ್ನು ನಿಧಾನವಾಗಿ ಬಿಸಿಲಿಗೆ ತರಬಹುದು.

ಬಯಲಿನಲ್ಲೇ ಮಾಡಬೇಕಾದವರು ಕಟ್ಟಡದ ನೆರಳನ್ನು ಆರಿಸುತ್ತಾರೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕಾಗಿದೆ. ಕಟ್ಟಡದ ಉತ್ತರ ದಿಕ್ಕಿನಲ್ಲಿ ನಡುಹಗಲಲ್ಲೂ ನೆರಳಿರುತ್ತದೆ ಎಂಬ ಸಲಹೆ ಯೂರೋಪಿನಂಥ ಉತ್ತರದ ದೇಶಗಳಿಗೆ ಹೊಂದುತ್ತದೆ. ನಮ್ಮಲ್ಲಿ ವರ್ಷವಿಡೀ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ, ಅಂದರೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲಿರುವ ದಿನ, ಬರುವುದು ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ಈ ಎರಡರ ನಡುವಿನ ಸುಮಾರು ನಾಲ್ಕು ತಿಂಗಳು ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಬೇಸಿಗೆ ರಜೆಯಲ್ಲಿ ಮನೆಯ ಉತ್ತರದ ಗೋಡೆಗೆ ಕಾರು ನಿಲ್ಲಿಸಿ ಹನ್ನೆರಡು ಗಂಟೆಗೆ ಕೆಲಸ ಹಿಡಿದವರ ರೆಸಿನ್ ಕೆಡುವುದು ಈ ಕಾರಣದಿಂದ. ವರ್ಷವಿಡೀ ನಂಬಬಹುದಾದದ್ದು ಬೆಳಗ್ಗೆ ಕಟ್ಟಡದ ಪಶ್ಚಿಮದ ನೆರಳು, ಮಧ್ಯಾಹ್ನದ ನಂತರ ಪೂರ್ವದ ನೆರಳು.

ಮರದ ನೆರಳನ್ನು ನಂಬಬೇಡಿ. ಹೊಂಗೆಯ ಮರ ಎಷ್ಟೇ ದಟ್ಟವಾಗಿರಲಿ, ಎಲೆಗಳ ಸಂದಿಯಿಂದ ಬಿಸಿಲ ಚುಕ್ಕೆಗಳು ಇಳಿಯುತ್ತವೆ, ಗಾಳಿ ಬೀಸಿದಂತೆ ಅತ್ತಿತ್ತ ಓಡಾಡುತ್ತವೆ, ಒಂದು ಚುಕ್ಕೆ ಗುಳಿಯ ಮೇಲೆ ಕೆಲವು ನಿಮಿಷ ನಿಂತರೂ ಅಷ್ಟು ಭಾಗ ಬಿಗಿಯುತ್ತದೆ. ನನ್ನ ಮೊದಲ ರಿಪೇರಿ ಕೆಟ್ಟದ್ದು ಇಂಥದೇ ಮರದ ಕೆಳಗೆ. ಐದು ಎಳೆಗಳಲ್ಲಿ ಮೂರು ತುಂಬಿ, ಎರಡು ಖಾಲಿ ಉಳಿದವು. ಜೊತೆಗೆ ಮರದಿಂದ ಉದುರುವ ಧೂಳು, ಅಂಟು, ಹೂವಿನ ಎಸಳು ತೇವವಾದ ರೆಸಿನ್ ಮೇಲೆ ಬೀಳುತ್ತವೆ.

ಇಡೀ ಕೆಲಸಕ್ಕೆ ಒಂದರಿಂದ ಒಂದೂವರೆ ಗಂಟೆ ಬೇಕು. ಅಷ್ಟರಲ್ಲಿ ಸೂರ್ಯ 15ರಿಂದ 22 ಡಿಗ್ರಿಯಷ್ಟು ಸರಿದಿರುತ್ತಾನೆ. ಆದ್ದರಿಂದ ಈಗ ನೆರಳಿದೆಯೇ ಎಂಬುದಕ್ಕಿಂತ ಇನ್ನೊಂದೂವರೆ ಗಂಟೆಯ ನಂತರವೂ ಇರುತ್ತದೆಯೇ ಎಂಬುದು ಮುಖ್ಯ. ಹಿಂದಿನ ದಿನ ಅದೇ ಹೊತ್ತಿಗೆ ನೆರಳು ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಟ್ಟುಕೊಂಡರೆ ಸಂದೇಹವೇ ಉಳಿಯುವುದಿಲ್ಲ.

ಹೊತ್ತಿನ ವಿಷಯದಲ್ಲಿ ಬೆಳಗ್ಗೆ ಏಳರಿಂದ ಒಂಬತ್ತು ಉತ್ತಮ. ರಾತ್ರಿಯಿಡೀ ತಣಿದ ಗಾಜು, ಎಳೆಬಿಸಿಲಿನ ದುರ್ಬಲ ಯುವಿ, ಕೆಲಸ ಮುಗಿಯುವ ವೇಳೆಗೆ ಗಟ್ಟಿಗೊಳಿಸಲು ಏರುತ್ತಿರುವ ಬಿಸಿಲು, ಮೂರೂ ಒದಗುತ್ತವೆ. ಮಲೆನಾಡಿನಲ್ಲಿ ಹಾಗೂ ಚಳಿಗಾಲದಲ್ಲಿ ಗಾಜಿನ ಮೇಲೆ ಇಬ್ಬನಿ ಕೂತಿರುತ್ತದೆ; ಅದು ಪೂರ್ತಿ ಆರುವವರೆಗೆ ಕಾಯಬೇಕು. ಸಂಜೆ ಐದರ ನಂತರ ತುಂಬಿಸಲು ಅನುಕೂಲ, ಆದರೆ ಗಟ್ಟಿಗೊಳಿಸಲು ಬಿಸಿಲು ಉಳಿದಿರುವುದಿಲ್ಲ. ದೀಪ ಇಲ್ಲದವರು ಸಂಜೆ ಆರಂಭಿಸಬಾರದು. ಹೆದ್ದಾರಿಯ ಬದಿಯಲ್ಲಂತೂ ಯಾವ ಹೊತ್ತಿನಲ್ಲೂ ಮಾಡಬೇಡಿ.

ಹಂತ 4: ಗಾಜನ್ನು ತಣಿಸಿ, ಆದರೆ ಅವಸರಿಸಬೇಡಿ

ಗಾಜಿನ ಉಷ್ಣತೆ 15ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಕೆಲಸ ಸಲೀಸು. ಅಳೆಯುವ ಸಾಧನವಿಲ್ಲದಿದ್ದರೆ ಗುಳಿಯ ಪಕ್ಕದಲ್ಲಿ ಅಂಗೈ ಇಟ್ಟು ನೋಡಿ. ಬಿಸಿ ಅನ್ನಿಸಿದರೆ ಇನ್ನೂ ಕಾಯಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಬೇಸಿಗೆಯ ಹಗಲಿನ ಗಾಳಿಯೇ 40 ಡಿಗ್ರಿ ದಾಟುವುದರಿಂದ ಅಲ್ಲಿ ನಸುಕಿನ ಹೊತ್ತು ಬಿಟ್ಟರೆ ಬೇರೆ ದಾರಿಯಿಲ್ಲ.

ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ನೆರಳಿಗೆ ತಂದು, ನಾಲ್ಕೂ ಬಾಗಿಲು ತೆರೆದು, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಬಿಡಿ. ಕಾದ ಗಾಜಿನ ಮೇಲೆ ತಣ್ಣೀರು ಎರಚುವುದು, ಒದ್ದೆ ಬಟ್ಟೆ ಹಾಸುವುದು, ಎಸಿಯ ಗಾಳಿಯನ್ನು ಮುಂಗಾಜಿಗೆ ತಿರುಗಿಸುವುದು, ಇವೆಲ್ಲ ಬಿರುಕನ್ನು ಒಂದೇ ಕ್ಷಣದಲ್ಲಿ ಅಂಚಿನವರೆಗೆ ಓಡಿಸಬಲ್ಲವು. ನೀರು ಎರಚಿದರೆ ಬಿರುಕಿನೊಳಗೆ ತೇವವೂ ಸೇರುತ್ತದೆ, ಎರಡು ಕೇಡು ಒಟ್ಟಿಗೆ.

ಹಂತ 5: ಹೊರ ನೆರಳು ಕಟ್ಟಿ

ಗಾಜು ತಣಿಯುತ್ತಿರುವಾಗಲೇ ತಾಡಪಾಲನ್ನು ಕಟ್ಟಿ ಮುಗಿಸಿ. ಅದರ ಒಂದು ಅಂಚನ್ನು ಕಾರಿನ ಚಾವಣಿಯ ಮೇಲೆ ಹಾಸಿ, ಎರಡೂ ಬದಿಯ ಹಗ್ಗಗಳನ್ನು ಹಿಂದಿನ ಬಾಗಿಲಿನ ಹಿಡಿಗಳಿಗೆ ಕಟ್ಟಿ. ಇನ್ನೊಂದು ಅಂಚನ್ನು ಬಾನೆಟ್ಟಿನ ಮುಂದೆ ನಿಲ್ಲಿಸಿದ ಕಂಬಗಳಿಗೆ ಅಥವಾ ಏಣಿಗೆ, ನೀವು ಬಗ್ಗಿ ನಿಲ್ಲಬಹುದಾದ ಎತ್ತರಕ್ಕೆ ಎಳೆದು ಕಟ್ಟಿ. ಎರಡೂ ಪಕ್ಕದಲ್ಲಿ ತಾಡಪಾಲು ಮೊಳಕಾಲಿನವರೆಗಾದರೂ ಇಳಿಬಿದ್ದಿರಲಿ, ಏಕೆಂದರೆ ಓರೆಯಾಗಿ ಮಲಗಿರುವ ಮುಂಗಾಜಿಗೆ ಆಕಾಶದ ಬೆಳಕು ಮೇಲಿನಿಂದ ಮಾತ್ರವಲ್ಲ, ಮುಂದಿನಿಂದ ಮತ್ತು ಪಕ್ಕಗಳಿಂದಲೂ ಬೀಳುತ್ತದೆ. ತಳ್ಳುಗಾಡಿಯವರು ಬಳಸುವ ದೊಡ್ಡ ಛತ್ರಿ ಇದ್ದರೆ ಅದೂ ಆದೀತು. ಆದರೆ ಬದಿಗಳಿಗೆ ಬಟ್ಟೆ ಇಳಿಬಿಡಲೇಬೇಕು.

ಎಲ್ಲ ಹೊದಿಕೆಯೂ ಒಂದೇ ಅಲ್ಲ. ತೆಳು ನೀಲಿ ತಾಡಪಾಲನ್ನು ಎತ್ತಿ ಹಿಡಿದು ನೋಡಿದಾಗ ಕೈಯ ನೆರಳು ಆಚೆಗೆ ಕಂಡರೆ ಅದು ಸಾಲದು. ಎರಡಾಗಿ ಮಡಚಿ ಹಾಕಿ. ತೋಟದ ಹಸಿರು ನೆರಳುಬಲೆ, ಬಿಳಿ ಪಂಚೆ, ಹಳೆಯ ಬೆಡ್‌ಶೀಟ್, ಇವು ಶಾಖವನ್ನು ಕೊಂಚ ತಗ್ಗಿಸುತ್ತವೆಯೇ ಹೊರತು ಯುವಿಯನ್ನು ನಿಲ್ಲಿಸುವ ಭರವಸೆ ಕೊಡುವುದಿಲ್ಲ. ಒಂದು ಮುಖ ಬೆಳ್ಳಿ, ಇನ್ನೊಂದು ಮುಖ ಕಪ್ಪು ಇರುವ ದಪ್ಪ ತಾಡಪಾಲು ಸಿಕ್ಕರೆ ಕಪ್ಪು ಮುಖ ಕೆಳಗಿರಲಿ, ಆಗ ಕೆಳಗಿನಿಂದ ಬಂದ ಬೆಳಕು ಮರಳಿ ಗಾಜಿನ ಮೇಲೆ ಬೀಳುವುದಿಲ್ಲ.

ಪ್ರತಿಫಲಿತ ಬೆಳಕನ್ನು ಬಹಳ ಜನ ಮರೆಯುತ್ತಾರೆ. ಬಿಳಿ ಬಾನೆಟ್, ಸುಣ್ಣ ಬಳಿದ ಕಾಂಪೌಂಡ್ ಗೋಡೆ, ಎದುರಿಗೆ ನಿಂತ ಇನ್ನೊಂದು ಕಾರಿನ ಗಾಜು, ಇವು ಬಿಸಿಲನ್ನು ನೆರಳಿನೊಳಕ್ಕೆ ತಳ್ಳುತ್ತವೆ. ಬಾನೆಟ್ ಮೇಲೆ ಗಾಢ ಬಟ್ಟೆ ಹಾಸಿ. ಗೋಡೆ ಎದುರಿಗಿದ್ದರೆ ಕಾರನ್ನು ತಿರುಗಿಸಿ ನಿಲ್ಲಿಸಿ.

ಗಾಳಿಗೆ ಕಂಬ ಬೀಳದಂತೆ ಬುಡಕ್ಕೆ ಇಟ್ಟಿಗೆ ಅಥವಾ ನೀರು ತುಂಬಿದ ಕ್ಯಾನ್ ಒತ್ತಿಡಿ. ತಾಡಪಾಲಿನ ಅಂಚು ಗಾಜಿಗೆ ಬಡಿಯುತ್ತಿದ್ದರೆ ಇಂಜೆಕ್ಟರ್ ಕದಲಿ ಇಡೀ ಕೆಲಸ ಹಾಳಾಗುತ್ತದೆ. ಗಾಳಿ ಜೋರಾದ ದಿನ ಕೆಲಸವನ್ನು ಮುಂದೂಡಿ.

ಹಂತ 6: ಗುಳಿಗೆ ಒಳ ಮರೆ ಸಿದ್ಧಪಡಿಸಿ

ರಟ್ಟಿನ ಪೆಟ್ಟಿಗೆಯ ತಳ ತೆಗೆದು, ಮುಂಗಾಜಿನ ಓರೆಗೆ ಕೂರುವಂತೆ ಅಂಚುಗಳನ್ನು ಕತ್ತರಿಸಿ. ಒಳಗೋಡೆಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ. ಗಾಜಿಗೆ ತಾಗುವ ಅಂಚಿಗೆ ಮೆತ್ತನೆಯ ಬಟ್ಟೆಯ ಪಟ್ಟಿ ಅಥವಾ ಫೋಮ್ ಹಚ್ಚಿದರೆ ಗೀರೂ ಬೀಳುವುದಿಲ್ಲ, ಸಂದಿಯಿಂದ ಬೆಳಕೂ ನುಸುಳುವುದಿಲ್ಲ. ನಿಮ್ಮ ಕಡೆಗಿರುವ ಗೋಡೆಯಲ್ಲಿ ಕೈ ಹೋಗುವಷ್ಟು ಬಾಗಿಲು ಕೊರೆದು, ಅದರ ಮೇಲೆ ಕಪ್ಪು ಬಟ್ಟೆಯ ಪರದೆ ಇಳಿಬಿಡಿ. ಇಂಜೆಕ್ಟರ್ ಚೌಕಟ್ಟು ಒಳಗೆ ಅಲುಗಾಡದೆ ಕೂರುವಷ್ಟು ಎತ್ತರ, ಅಗಲ ಇದೆಯೇ ಎಂಬುದನ್ನು ರೆಸಿನ್ ಇಲ್ಲದೆ ಒಮ್ಮೆ ಇಟ್ಟು ನೋಡಿ. ಕೈ ಎಲ್ಲಿ ಹಾಕಬೇಕು, ಸಿರಿಂಜಿನ ಒತ್ತುಕಡ್ಡಿಯಾದ ಪ್ಲಂಜರ್ ಹೇಗೆ ಎಳೆಯಬೇಕು ಎಂಬ ಒಣ ಅಭ್ಯಾಸವನ್ನೂ ಈಗಲೇ ಮಾಡಿಕೊಳ್ಳಿ. ರೆಸಿನ್ ಸುರಿದ ಮೇಲೆ ಪೆಟ್ಟಿಗೆ ಎತ್ತಿ ನೋಡುವ ಅಭ್ಯಾಸವೇ ಅದನ್ನು ಕೆಡಿಸುತ್ತದೆ.

ಒಳಗೆ ಬೆಳಕು ಬೇಕಾದಾಗ ಮೊಬೈಲಿನ ಬಿಳಿ ಟಾರ್ಚ್ ಸಾಕು. ಅದರಲ್ಲಿ ಯುವಿ ಇಲ್ಲವೆಂಬಷ್ಟು ಕಡಿಮೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಹತ್ತಿರಕ್ಕೂ ತರಬೇಡಿ.

ತಂತ್ರಜ್ಞರು ಪೆಟ್ಟಿಗೆಯ ಬದಲು ಯುವಿ ತಡೆಯುವ ಕಿತ್ತಳೆ ಬಣ್ಣದ ಪಾರದರ್ಶಕ ಹಾಳೆಯನ್ನು ಬಳಸುವುದುಂಟು. ಒಳಗೆ ನಡೆಯುವುದು ಅದರ ಮೂಲಕ ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಜಿಲೆಟಿನ್ ಕಾಗದ ನೋಡಲು ಹಾಗೆಯೇ ಇದ್ದರೂ ಯುವಿ ತಡೆಯುತ್ತದೆ ಎನ್ನಲಾಗದು.

ಹಂತ 7: ನೆರಳನ್ನು ಪರೀಕ್ಷಿಸಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ, ಏಕೆಂದರೆ ಕೆಟ್ಟ ರಿಪೇರಿಗಳ ಕಥೆ ಕೇಳಿದಾಗಲೆಲ್ಲ ಇದೊಂದು ಹಂತ ಕಾಣೆಯಾಗಿರುತ್ತದೆ.

ಗಾಜಿನ ಚೂರಿನ ಮೇಲೆ ಸಾಸಿವೆಕಾಳಿನಷ್ಟು ರೆಸಿನ್ ಇಟ್ಟು, ಅದರ ಮೇಲೆ ಪಾರದರ್ಶಕ ಹಾಳೆಯ ಸಣ್ಣ ತುಂಡನ್ನು ಮುಚ್ಚಿ. ಹಾಳೆ ಮುಚ್ಚುವುದು ಮುಖ್ಯ: ಗಾಳಿಯ ಆಮ್ಲಜನಕ ರೆಸಿನ್ನಿನ ಮೇಲ್ಪದರ ಬಿಗಿಯದಂತೆ ತಡೆಯುತ್ತದೆ, ಹಾಗಾಗಿ ತೆರೆದ ಹನಿ ಮೇಲೆ ಒದ್ದೆಯಾಗಿಯೇ ಇದ್ದು ನಿಮ್ಮನ್ನು ಮೋಸಗೊಳಿಸಬಹುದು. ಬಿರುಕಿನೊಳಗೆ ಗಾಳಿಯಾಡುವುದಿಲ್ಲವಾದ್ದರಿಂದ ಅಲ್ಲಿನ ರೆಸಿನ್ ಅದಕ್ಕಿಂತ ಮೊದಲೇ ಬಿಗಿಯುತ್ತದೆ.

ಈ ಚೂರನ್ನು ಒಳ ಮರೆಯ ಕೆಳಗೆ, ಗುಳಿಯ ಪಕ್ಕದಲ್ಲೇ 30 ನಿಮಿಷ ಇಡಿ. ಆನಂತರ ಹಾಳೆ ಎತ್ತಿ ಗುಂಡುಸೂಜಿಯಿಂದ ಹನಿಯನ್ನು ಎಳೆದು ನೋಡಿ. ಎಣ್ಣೆಯಂತೆ ಸರಾಗವಾಗಿ ಹರಡಿದರೆ ನೆರಳು ಸಾಕು. ನೂಲಿನಂತೆ ಎಳೆ ಬಂದರೆ, ಅಥವಾ ಲೋಳೆಯಂತೆ ಮುದ್ದೆಯಾಗಿದ್ದರೆ ಎಲ್ಲೋ ಬೆಳಕು ನುಸುಳುತ್ತಿದೆ. ಸಂದಿ ಹುಡುಕಿ ಮುಚ್ಚಿ, ಹೊಸ ಹನಿಯಿಂದ ಮತ್ತೆ ಪರೀಕ್ಷಿಸಿ. ಅರ್ಧ ಗಂಟೆ ವ್ಯರ್ಥವಾಯಿತೆಂದು ಅನ್ನಿಸಬಹುದು, ಆದರೆ ಗಾಜು ತಣಿಯಲು ಬೇಕಾದ ಸಮಯವೂ ಅಷ್ಟೇ. ಎರಡೂ ಒಟ್ಟಿಗೆ ನಡೆಯುತ್ತವೆ.

ಬಿಸಿಲಿಗೆ ಕಪ್ಪಾಗುವ ಫೋಟೊಕ್ರೋಮಿಕ್ ಕನ್ನಡಕ ಮನೆಯಲ್ಲಿದ್ದರೆ ತಾಡಪಾಲಿನ ಕೆಳಗೆ ಐದು ನಿಮಿಷ ಇಟ್ಟು ನೋಡುವುದು ಬೇಗದ ಉಪಾಯ. ಅದು ಕಪ್ಪಾಗುವುದು ಯುವಿಯಿಂದಲೇ. ಕಪ್ಪಾದರೆ ಹೊರ ನೆರಳು ಸೋರುತ್ತಿದೆ ಎಂದು ಖಚಿತ. ಕಪ್ಪಾಗದಿದ್ದರೆ ಮಾತ್ರ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ, ಸೆಕೆಯಲ್ಲಿ ಆ ಗಾಜು ಕಡಿಮೆ ಕಪ್ಪಾಗುತ್ತದೆ. ತೀರ್ಮಾನ ಹನಿಯದ್ದೇ.

ಹಂತ 8: ರೆಸಿನ್ ತುಂಬಿಸಿ

ಅಂಟಿಸಿದ್ದ ಸೆಲ್ಲೋಟೇಪ್ ತೆಗೆದು, ಸೂಜಿಯಿಂದ ಗುಳಿಯ ಬಾಯಿಯಲ್ಲಿರುವ ಗಾಜಿನ ಪುಡಿಯನ್ನು ಮೆಲ್ಲಗೆ ಕೆದಕಿ ತೆಗೆಯಿರಿ. ಸುತ್ತಲಿನ ಮೇಲ್ಮೈಯನ್ನು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಚೌಕಟ್ಟನ್ನು ಗುಳಿಯ ನಡುವಿಗೆ ಸರಿಯಾಗಿ ಕೂರಿಸಿ, ಒಳ ಮರೆಯನ್ನು ಮಾಸ್ಕಿಂಗ್ ಟೇಪಿನಿಂದ ಗಾಜಿಗೆ ಬಿಗಿದ ನಂತರವೇ ಬಾಟಲಿಯನ್ನು ಮತ್ತೆ ತೆರೆಯಬೇಕು.

ರೆಸಿನ್ ಹಾಕಿ ಪ್ಲಂಜರನ್ನು ಮೇಲಕ್ಕೆ ಎಳೆದು ಹಿಡಿದಾಗ ಬಿರುಕಿನ ಗಾಳಿ ಹೊರಬರುತ್ತದೆ. ಕೆಳಕ್ಕೆ ಒತ್ತಿ ಹಿಡಿದಾಗ ರೆಸಿನ್ ಒಳಗೆ ಇಳಿಯುತ್ತದೆ. ಎಳೆತಕ್ಕೆ ಸುಮಾರು ಐದು ನಿಮಿಷ, ಒತ್ತಡಕ್ಕೆ ಐದರಿಂದ ಹತ್ತು ನಿಮಿಷ, ಹೀಗೆ ಎರಡು ಮೂರು ಸರದಿ ಬೇಕಾಗುತ್ತದೆ. ನಿಮ್ಮ ಕಿಟ್ಟಿನ ಚೀಟಿ ಬೇರೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ.

ಹಂತ 9: ಮರೆ ತೆಗೆಯುವ ಮೊದಲು ಕಾರಿನೊಳಗಿನಿಂದ ನೋಡಿ

ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು, ಕಾರಿನೊಳಗೆ ಕೂತು, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ಗುಳಿಯನ್ನು ನೋಡಿ. ಹೊರಗೆ ಕಪ್ಪು ಮರೆ ಇರುವುದರಿಂದ ಬಿರುಕು ಈಗ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ತುಂಬಿದ ಎಳೆ ಕಣ್ಣಿಗೆ ಮಾಯವಾದಂತಿರುತ್ತದೆ. ಕೋನ ಬದಲಿಸಿದಂತೆ ಬೆಳ್ಳಿಯಂತೆ ಹೊಳೆಯುವ ಅಥವಾ ಕಪ್ಪು ಗೆರೆಯಾಗಿ ಕಾಣುವ ಎಳೆಯಲ್ಲಿ ಇನ್ನೂ ಗಾಳಿ ಇದೆ. ಮತ್ತೊಂದು ಸರದಿ ಎಳೆದು ಒತ್ತಿ. ಮಸುಕು ಬಿಳುಪು ಕಂಡರೆ ಅದು ತೇವದ ಗುರುತು, ಅದನ್ನು ರೆಸಿನ್ ಒತ್ತಿ ಸರಿಪಡಿಸಲಾಗದು.

ಎಲ್ಲ ಎಳೆಗಳೂ ಮಾಯವಾದ ಮೇಲೆ ಮಾತ್ರ ಮುಂದಿನ ಹಂತ. ಒಂದು ಎಳೆ ಉಳಿದಿದೆ, ಬಿಸಿಲಿಗೆ ಅದೂ ಸರಿಹೋದೀತು ಎಂದು ಮರೆ ತೆಗೆದವರಿಗೆ ಆ ಎಳೆ ಶಾಶ್ವತವಾಗಿ ಉಳಿಯುತ್ತದೆ.

ಹಂತ 10: ಈಗ ಬಿಸಿಲಿಗೆ ಒಡ್ಡಿ

ತಾಡಪಾಲು ಇರುವಂತೆಯೇ ಪೆಟ್ಟಿಗೆಯನ್ನು ಎತ್ತಿ, ಚೌಕಟ್ಟು ತೆಗೆದು, ಗುಳಿಯ ಬಾಯಿಗೆ ಇನ್ನೊಂದು ಹನಿ ರೆಸಿನ್ ಇಟ್ಟು, ಪಾರದರ್ಶಕ ಹಾಳೆಯನ್ನು ಒಂದು ಬದಿಯಿಂದ ಮಲಗಿಸುತ್ತ ಗುಳ್ಳೆ ಸಿಕ್ಕಿಕೊಳ್ಳದಂತೆ ಮುಚ್ಚಿ. ಹನಿ ಇಡುವುದರಿಂದ ಹಾಳೆ ಮುಚ್ಚುವವರೆಗೆ ಒಂದು ನಿಮಿಷ ಮೀರದಿರಲಿ. ಗುಳ್ಳೆ ಕಂಡರೆ ಹಾಳೆಯನ್ನು ಈಗಲೇ ಎತ್ತಿ ಮತ್ತೆ ಮುಚ್ಚಬಹುದು.

ಅದಾದ ಮೇಲೆ ತಾಡಪಾಲು ಬಿಚ್ಚಿ. ಕಾರು ಕಟ್ಟಡದ ನೆರಳಿನಲ್ಲಿದ್ದರೆ ಗುಳಿಗೆ ಫಾಯಿಲ್ ಮುಚ್ಚಿ, ಬಿಸಿಲಿಗೆ ತಂದು ನಿಲ್ಲಿಸಿ, ಫಾಯಿಲ್ ತೆಗೆಯಿರಿ. ಚುರುಕಾದ ನೇರ ಬಿಸಿಲಿಗೆ 10ರಿಂದ 15 ನಿಮಿಷ ಸಾಕು. ಮೋಡವಿದ್ದರೆ ಅಥವಾ ಇನ್ನೂ ಎಳೆಬಿಸಿಲಾಗಿದ್ದರೆ ಅರ್ಧ ಗಂಟೆಗೂ ಹೆಚ್ಚು ಬಿಡಿ. ಯುವಿ ದೀಪವಾದರೆ ಹೊರಗಿನಿಂದ, ಕಿಟ್ಟಿನಲ್ಲಿ ಹೇಳಿದಷ್ಟು ಹೊತ್ತು ಹಿಡಿಯಿರಿ, ದೀಪವನ್ನು ದಿಟ್ಟಿಸಿ ನೋಡಬೇಡಿ. ಹಾಳೆ ಎತ್ತಿದಾಗ ರೆಸಿನ್ ಅಂಟಂಟಾಗಿದ್ದರೆ ಮತ್ತೆ ಮುಚ್ಚಿ ಇನ್ನಷ್ಟು ಹೊತ್ತು ಬಿಡಬೇಕು. ಪೂರ್ತಿ ಗಟ್ಟಿಯಾದ ಮೇಲೆ ಬ್ಲೇಡನ್ನು ಗಾಜಿಗೆ ಲಂಬವಾಗಿ ಹಿಡಿದು, ಉಬ್ಬಿದ ಭಾಗವನ್ನು ತೆಳುವಾಗಿ ಹೆರೆದು ಸಮ ಮಾಡಿ.

ನಡುವೆ ಕಾಣಿಸುವ ಅಪಾಯದ ಸೂಚನೆಗಳು

ಒತ್ತಿದಾಗ ಪ್ಲಂಜರ್ ಇದ್ದಕ್ಕಿದ್ದಂತೆ ಬಿಗಿಯಾದರೆ, ಸಿರಿಂಜ್‌ನಲ್ಲಿ ರೆಸಿನ್ನಿನ ಮಟ್ಟ ಕದಲದಿದ್ದರೆ, ಚೌಕಟ್ಟಿನ ಬುಡದ ಸುತ್ತ ಕೆನೆಯಂತೆ ಪೊರೆ ಕಟ್ಟಿದ್ದರೆ ಬೆಳಕು ಒಳಗೆ ಬಂದಿದೆ. ಆಗ ಬಲವಾಗಿ ಒತ್ತುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಬಿರುಕು ಓಡುವುದು ಆಗಲೇ. ಕೈ ತಡೆದು, ಸಂದಿ ಮುಚ್ಚಿ, ಚೌಕಟ್ಟನ್ನು ಎತ್ತಿ ನೋಡಿ. ಬುಡದಲ್ಲಿ ಮಾತ್ರ ಬಿಗಿದಿದ್ದರೆ ಅದನ್ನು ಸೂಜಿಯಿಂದ ಬಿಡಿಸಿ, ಆಲ್ಕೋಹಾಲ್ ಗುಳಿಯೊಳಗೆ ಇಳಿಯದಂತೆ ಸುತ್ತಲೂ ಒರೆಸಿ, ಹೊಸ ರೆಸಿನ್‌ನೊಂದಿಗೆ ಮತ್ತೆ ಆರಂಭಿಸಬಹುದು. ಗುಳಿಯೊಳಗೇ ಬಿಗಿದಿದ್ದರೆ ನಿಲ್ಲಿಸಿ. ಉಳಿದ ಎಳೆಗೆ ಸಣ್ಣ ರಂಧ್ರ ಕೊರೆದು ತುಂಬುವ ಕೆಲಸ ತಂತ್ರಜ್ಞರದು, ಮನೆಯಲ್ಲಿ ಡ್ರಿಲ್ ಹಿಡಿಯಬೇಡಿ.

ಒಂದು ಎಳೆ ಮೊದಲಿಗಿಂತ ಉದ್ದವಾದಂತೆ ಕಂಡರೆ ಕೂಡಲೇ ಒತ್ತಡ ಸಡಿಲಿಸಿ, ಗಾಜನ್ನು ಮುಟ್ಟಿ ನೋಡಿ. ಹೆಚ್ಚಾಗಿ ತಾಡಪಾಲಿನ ನೆರಳು ಸರಿದು ಗಾಜಿನ ಒಂದು ಮೂಲೆ ಕಾಯುತ್ತಿರುತ್ತದೆ. ನೆರಳು ಸರಿಪಡಿಸಿ, ಹತ್ತು ನಿಮಿಷ ಬಿಟ್ಟು, ಮೊದಲಿಗಿಂತ ಮೆಲ್ಲನೆ ಮುಂದುವರಿಸಿ.

ನಡುವೆ ಮಳೆಹನಿ ಬಿದ್ದರೆ ಪೆಟ್ಟಿಗೆ ಎತ್ತಲು ಹೋಗಬೇಡಿ. ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ, ಒತ್ತಡ ಇರುವಂತೆಯೇ ಬಿಟ್ಟು, ಮಳೆ ನಿಲ್ಲುವವರೆಗೆ ಕಾಯಿರಿ. ಬೆಳಕು ತಾಗದ ರೆಸಿನ್ ಒಂದು ಗಂಟೆಯ ನಂತರವೂ ದ್ರವವಾಗಿಯೇ ಇರುತ್ತದೆ.

ಮರುದಿನ ಬೆಳಗ್ಗೆ ಗಾಜು ತಣ್ಣಗಿರುವಾಗ ಮತ್ತು ಮಧ್ಯಾಹ್ನ ಕಾದಿರುವಾಗ ಎಳೆಗಳ ತುದಿಯನ್ನು ಒಂದೊಂದು ಸಲ ನೋಡಿ. ಎರಡೂ ಹೊತ್ತಿನಲ್ಲಿ ತುದಿ ಇದ್ದಲ್ಲೇ ಇದ್ದರೆ ಕಾರನ್ನು ಎಂದಿನಂತೆ ತೊಳೆಯಬಹುದು, ದೂರದ ಪ್ರಯಾಣಕ್ಕೂ ತೆಗೆದುಕೊಂಡು ಹೋಗಬಹುದು.